ಎಲ್ಲರಿಗೂ ಕಾಣುವ ಅಂಗಳ

ನಮ್ಮ ಮನೆಯಲ್ಲಿ ಕಿವಿ ಕೇಳಿಸುತ್ತಿದ್ದವಳು ನಾನೊಬ್ಬಳೇ. ಅಪ್ಪ, ಅಮ್ಮ, ಅಣ್ಣ ಎಲ್ಡನ್ ಮೂವರೂ ಹುಟ್ಟುಕಿವುಡರು. ನಾನು ತೊಟ್ಟಿಲಲ್ಲಿದ್ದಾಗ ಒಂದು ದಿನ ಅಮ್ಮನ ಕೈಯಿಂದ ಬಾಣಲೆ ಜಾರಿ ನೆಲಕ್ಕೆ ಬಿತ್ತಂತೆ, ನಾನು ಬೆಚ್ಚಿ ಅತ್ತೆನಂತೆ. ಅಮ್ಮ ಅಪ್ಪನ ಭುಜ ತಟ್ಟಿ, "ಅಯ್ಯೋ ಪಾಪ, ಇದಕ್ಕೆ ಕೇಳಿಸುತ್ತೆ ಕಣ್ರೀ!" ಎಂದು ಕೈಯಾಡಿಸಿದಳಂತೆ. ಇದನ್ನು ಹೇಳಿ ಹೇಳಿ ನಗುವುದೆಂದರೆ ಅಣ್ಣನಿಗೆ ಎಂದೂ ಬೇಸರವಿರಲಿಲ್ಲ. ಮುದುಕಿಯಾದ ಮೇಲೂ ನನ್ನನ್ನು ಕಿವುಡರ ಕ್ಲಬ್ಬಿನಲ್ಲಿ ಹೊಸಬರಿಗೆ ಪರಿಚಯಿಸುವಾಗ, "ಇವಳು ನನ್ನ ತಂಗಿ ಮಾವಿಸ್. ಕಿವಿ ಕೇಳಿಸುತ್ತೆ, ಆದ್ರೂ ಒಳ್ಳೆಯವಳು" ಎನ್ನುತ್ತಿದ್ದ.

ನಾನು ಬರೆಯುತ್ತಿರುವುದು ಆ ಅಣ್ಣನ ಕತೆ. ಒಹಾಯೊದ ವಾರ್ನ್‌ಫೀಲ್ಡ್ ಎಂಬ ನಮ್ಮ ಸಣ್ಣ ಊರಿನ ಆಚೆ ಎಲ್ಡನ್ ಪೆಟಿಗ್ರೂ ಎಂಬ ಅವನ ಹೆಸರು ಯಾರಿಗೂ ಗೊತ್ತಿಲ್ಲ. ರಸ್ತೆ ಇಲಾಖೆಯಲ್ಲಿ ನಕ್ಷೆ ಬರೆಯುತ್ತ ಆಯಸ್ಸು ಕಳೆದ, ನಿವೃತ್ತನಾದ, ಹೆಂಡತಿ ಫ್ಲಾರೆನ್ಸಳನ್ನು ಮಣ್ಣು ಮಾಡಿ ಬಂದ, ಹಿತ್ತಲಲ್ಲಿ ಟೊಮೇಟೊ ಬೆಳೆದ. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎಪ್ಪತ್ತರ ಹತ್ತಿರಕ್ಕೆ ಬಂದಾಗ ಮಕ್ಕಳಿಗೆಂದು ಒಂದು ಆಟದ ಅಂಗಳ ಕಟ್ಟಿಸಿದ. ಅದರಿಂದ ಹೆಸರು ಬಂತು, ಅದರಿಂದಲೇ ತಲೆ ತಗ್ಗಿಸುವಂತಾಯಿತು.

ಮೊದಲು ಅವನ ಕಣ್ಣಿನ ವಿಷಯ ಹೇಳಬೇಕು. ಕೈಮಾತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿರುತ್ತದೆ. ಅದನ್ನು ಕಿವುಡರೇ ಯಾರಾದರೂ ಕೊಡಬೇಕು, ನಾವಾಗಿ ಇಟ್ಟುಕೊಳ್ಳುವಂತಿಲ್ಲ. ಅಣ್ಣನಿಗೆ ಕಿವುಡರ ಶಾಲೆಯ ಹುಡುಗರು ಕೊಟ್ಟ ಹೆಸರೆಂದರೆ, ಎರಡು ಬೆರಳು ಕಣ್ಣಿನಿಂದ ಹೊರಟು ದೂರಕ್ಕೆ ಓಡುವುದು. ಮೈದಾನದ ಆ ತುದಿಯಲ್ಲಿ ಇಬ್ಬರು ಕೈಯಾಡಿಸುತ್ತಿದ್ದರೆ ಈ ತುದಿಯಲ್ಲಿ ನಿಂತು ಒಂದು ಮಾತೂ ಬಿಡದೆ ಓದುತ್ತಿದ್ದ. ವಯಸ್ಸಾದ ಮೇಲೆ ಮಂಡಿ ಹೋಯಿತು, ಹಲ್ಲು ಹೋಯಿತು, ಆ ಕಣ್ಣು ಮಾತ್ರ ಹೋಗಲಿಲ್ಲ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೇ ಇತ್ತು.

ಇನ್ನೊಂದು ಮಾತು. ಕಿವುಡರ ನಡುವೆ ಸುದ್ದಿ ಬಚ್ಚಿಡುವುದು ಕೆಟ್ಟ ಗುಣ. ಊಟದ ಮೇಜಿನಲ್ಲಿ ಎಲ್ಲರೂ ಗೊಳ್ಳೆಂದು ನಕ್ಕಾಗ "ಏನಾಯ್ತು?" ಎಂದು ಕೇಳಿ, "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಎನ್ನಿಸಿಕೊಂಡು ಬೆಳೆದವರು ಅವರು. ಆ ಆಮೇಲೆ ಎಂದೂ ಬರುವುದಿಲ್ಲ. ಹಾಗಾಗಿ ತಮ್ಮವರಲ್ಲಿ ಒಬ್ಬನಿಗೆ ತಿಳಿದದ್ದು ಎಲ್ಲರ ಸೊತ್ತು. ಯಾರಿಗೆ ಆಪರೇಷನ್ ಆಯಿತು, ಯಾರ ಮದುವೆ ಮುರಿಯಿತು, ಯಾರು ದಪ್ಪಗಾದರು, ಎಲ್ಲ ಮುಖದ ಮೇಲೇ ಹೇಳುತ್ತಾರೆ, ಅದನ್ನೇ ಪ್ರೀತಿ ಎಂದುಕೊಳ್ಳುತ್ತಾರೆ. ನಾನೂ ಅದನ್ನು ಪ್ರೀತಿ ಎಂದೇ ತಿಳಿದು ಬೆಳೆದೆ.

ಅಣ್ಣನಿಗೆ ಒಂಬತ್ತೋ ಹತ್ತೋ ಇದ್ದಾಗ ಅಪ್ಪನಿಗೆ ಬೇರೆ ಊರಿನ ಟೈರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದೆವು. ಅಲ್ಲಿ ಕಿವುಡರ ಶಾಲೆ ಇರಲಿಲ್ಲ. ಅವನನ್ನು ಎಲ್ಲರೂ ಹೋಗುವ ಶಾಲೆಗೆ ಹಾಕಿದರು. ಅಲ್ಲಿನ ಮೈದಾನದಲ್ಲಿ ಆಟ ಬದಲಾದದ್ದು ಅವನಿಗೆ ಯಾವಾಗಲೂ ಕೊನೆಗೆ ತಿಳಿಯುತ್ತಿತ್ತು. ಮುಟ್ಟಾಟ ಮುಗಿದು ಚೆಂಡಾಟ ಶುರುವಾಗಿದ್ದರೂ ಇವನು ಇನ್ನೂ ಓಡುತ್ತಿದ್ದ. ಒಂದು ಸಲ ಉಯ್ಯಾಲೆಯಲ್ಲಿ ಆಕಾಶ ನೋಡುತ್ತ ಜೀಕುತ್ತಿದ್ದವನು ಕೆಳಗೆ ನೋಡುತ್ತಾನೆ, ಮೈದಾನದಲ್ಲಿ ಒಂದು ನರಪಿಳ್ಳೆ ಇಲ್ಲ. ಗಂಟೆ ಹೊಡೆದು ಎಲ್ಲರೂ ಒಳಗೆ ಹೋಗಿದ್ದಾರೆ. ಇವನನ್ನು ಕರೆಯಲು ಯಾರೂ ವಾಪಸು ಬಂದಿರಲಿಲ್ಲ. ತರಗತಿಯ ಕಿಟಕಿಗಳ ತುಂಬ ನಗುವ ಮುಖಗಳು. ಆ ದಿನದ ನಾಚಿಕೆಯನ್ನು ಅವನು ಮರೆಯಲೇ ಇಲ್ಲ.

ನಾವು ನಮ್ಮೂರಿಗೆ ಮರಳಿ ಎಷ್ಟೋ ವರ್ಷಗಳಾದ ಮೇಲೆ ಇಲ್ಲಿನ ಹಳೆಯ ಕಿವುಡರ ಶಾಲೆ ಮುಚ್ಚಿದಾಗ ಅಲ್ಲಿನ ಮಕ್ಕಳನ್ನು ಊರಿನ ಪ್ರಾಥಮಿಕ ಶಾಲೆಗೆ ಸೇರಿಸಿಕೊಂಡರು. ನಾನು ಆ ಶಾಲೆಯ ಊಟದ ಕೋಣೆಯಲ್ಲಿ ಬಡಿಸುವವಳು. ಮುಖ್ಯೋಪಾಧ್ಯಾಯಿನಿ ಹಾಲೊವೆಲ್ ಒಂದು ದಿನ ನನ್ನ ಬಳಿ ಬಂದು, "ಮಾವಿಸ್, ಹೊಸ ಆಟದ ಅಂಗಳ ಮಾಡ್ಬೇಕು. ಕೇಳಿಸೋರು, ಕೇಳಿಸದವರು, ಗಾಲಿಕುರ್ಚಿಯವರು, ಎಲ್ಲಾ ಮಕ್ಕಳೂ ಸೇರಿ ಆಡೋ ಹಾಗಿರ್ಬೇಕು. ನಿಮ್ಮಣ್ಣ ನಕ್ಷೆ ಬರೀತಿದ್ರಲ್ವಾ?" ಎಂದರು. ಮನೆಗೆ ಬಂದು ಹೇಳಿದೆ. ಅಣ್ಣ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಗೆರೆ ಎಳೆಯಲು ಕೂತ.

"ಅಣ್ಣಾ, ತಿಂದು ಬರಿ. ಆಲೂಗಡ್ಡೆ ತಣ್ಣಗಾಗ್ತಿದೆ."

"ಅದು ತಣ್ಣಗಾದ್ರೆ ಬಿಸಿ ಮಾಡ್ಬಹುದು ಕಣೇ. ನಾನು ಅರವತ್ತು ವರ್ಷದಿಂದ ಕಾಯ್ತಿದ್ದೀನಿ."

ಅವನ ಅಂಗಳಕ್ಕೆ ಇದ್ದದ್ದು ಒಂದೇ ನಿಯಮ: ಯಾವ ಮಗುವೂ ಕೊನೆಗೆ ತಿಳಿಯುವ ಮಗು ಆಗಬಾರದು. ಎಲ್ಲಿ ನಿಂತರೂ ಎಲ್ಲವೂ ಕಾಣಬೇಕು. ಉಯ್ಯಾಲೆಗಳನ್ನು ಸಾಲಾಗಿ ಕಟ್ಟದೆ ಎದುರುಬದುರು ಕಟ್ಟಿಸಿದ, ಜೀಕುತ್ತಲೇ ಮಕ್ಕಳು ಮಾತಾಡಿಕೊಳ್ಳಲಿ ಎಂದು. ಕೊಳವೆಯಂಥ ಜಾರುಬಂಡೆ ಬೇಡವೇ ಬೇಡ ಎಂದ, ಅದರೊಳಗೆ ಹೊಕ್ಕ ಮಗು ಲೋಕಕ್ಕೆ ಕಾಣುವುದಿಲ್ಲ, ಲೋಕ ಅದಕ್ಕೆ ಕಾಣುವುದಿಲ್ಲ. ಪ್ಲಾಸ್ಟಿಕ್ಕಿನದೂ ಬೇಡ, ಉಜ್ಜಿದಾಗ ಹುಟ್ಟುವ ಕಿಡಿ ಮಕ್ಕಳ ಕಿವಿಯಂತ್ರವನ್ನು ಕೆಡಿಸಬಹುದು. ಉಕ್ಕಿನದನ್ನು ಮೇಪಲ್ ಮರದ ನೆರಳಿನಲ್ಲಿ ಕೂರಿಸಿದ. ಅಂಗಳದುದ್ದಕ್ಕೂ ಮರದ ಹಲಗೆಯ ದಾರಿ ಹಾಸಿಸಿದ. ಅದರ ಮೇಲೆ ಗಾಲಿಕುರ್ಚಿ ಸಲೀಸಾಗಿ ಓಡುತ್ತಿತ್ತು. ಯಾರನ್ನಾದರೂ ಕರೆಯಬೇಕೆಂದರೆ ಕಾಲಿನಿಂದ ಧಡ್ಡೆಂದು ಗುದ್ದಿದರೆ ಸಾಕು, ಹಲಗೆಯ ಮೇಲಿದ್ದವರ ಅಂಗಾಲಿಗೆ ಅದು ತಿಳಿಯುತ್ತಿತ್ತು. ಗಂಟೆಯ ಜತೆಗೆ ಕಂಬದ ಮೇಲೆ ಹಳದಿ ದೀಪ. ಬಿಡುವು ಮುಗಿದಾಗ ಅದು ಮಿನುಗುತ್ತಿತ್ತು.

ಅಂಗಳ ತೆರೆದ ದಿನ ಊರೇ ಬಂದಿತ್ತು. ಕೇಳಿಸುವ ಮಕ್ಕಳು ಅರ್ಧ ಗಂಟೆಯಲ್ಲಿ ಕಾಲು ಗುದ್ದಿ ಕರೆಯುವುದನ್ನು ಕಲಿತುಬಿಟ್ಟರು, ಹಲಗೆ ಮುರಿಯುತ್ತದೋ ಎಂದು ನನಗೆ ಭಯವಾಯಿತು. ಅಣ್ಣ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಅಲ್ಲಿಂದ ಅಂಗಳದ ಇಂಚಿಂಚೂ ಕಾಣುತ್ತಿತ್ತು, ಅವನೇ ಹಾಗೆ ಗೆರೆ ಎಳೆದಿದ್ದ. ಅಂದಿನಿಂದ ದಿನಾ ಬಿಡುವಿನ ಹೊತ್ತಿಗೆ ಬಂದು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವುದು ಅವನ ಕೆಲಸವಾಯಿತು. ಮಕ್ಕಳು ಅವನನ್ನು ತಾತ ಎಂದರು.

ಆ ಮಕ್ಕಳಲ್ಲಿ ಕೋರಾ ಒಬ್ಬಳು. ಹತ್ತು ವರ್ಷದ ಹುಡುಗಿ, ಕೆಂಚು ಕೂದಲು, ಆಪರೇಷನ್ ಮಾಡಿ ತಲೆಬುರುಡೆಗೆ ಕೂರಿಸಿದ ಕಿವಿಯಂತ್ರ, ತಲೆಯ ಪಕ್ಕಕ್ಕೆ ಅಂಟಿಕೊಂಡ ಅದರ ಬಿಲ್ಲೆ. ಅವಳ ತಾಯಿ ಶೆಲ್ಬಿಗೆ ಕಿವಿ ಕೇಳಿಸುತ್ತಿತ್ತು, ಕೈಮಾತು ಬರುತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಒಬ್ಬಳೇ ಮಗಳು, ಗಂಡ ಎಲ್ಲೋ ಹೋಗಿದ್ದ. ಕೋರಾ ಶಾಲೆಗೆ ಬಂದ ಮೇಲಷ್ಟೇ ಕೈಮಾತು ಕಲಿತಳು, ಬರಗೆಟ್ಟವರು ಅನ್ನ ಕಂಡಂತೆ ಕಲಿತಳು. ಅವಳಿಗೆ ಕೈಮಾತಿನ ಹೆಸರು ಕೊಟ್ಟವನು ಅಣ್ಣನೇ. ಕೆನ್ನೆಯ ಗುಳಿಯಲ್ಲಿ ಬೆರಳು ತಿರುಗಿಸುವ ಹೆಸರು. ಅವತ್ತು ಆ ಹುಡುಗಿ ನನ್ನ ಊಟದ ಸಾಲಿಗೆ ಬಂದು, ತಟ್ಟೆ ಕೆಳಗಿಟ್ಟು, "ನಂಗೆ ಹೆಸರು ಸಿಕ್ತು! ನಂಗೆ ಹೆಸರು ಸಿಕ್ತು!" ಎಂದು ಎಲ್ಲರಿಗೂ ತೋರಿಸಿದಳು. ಹಿಂದಿನ ಮಕ್ಕಳ ಬಟಾಣಿ ತಣ್ಣಗಾಯಿತು.

ಅಕ್ಟೋಬರಿನ ಒಂದು ಮಧ್ಯಾಹ್ನ ಅಂಗಳದ ತೀರ ದೂರದ ಮೂಲೆಯಲ್ಲಿ, ಬೇಲಿಯ ಹತ್ತಿರ, ಕೋರಾ ತನ್ನ ಗೆಳತಿ ಟಿಯಾನಾಗೆ ಒಂದು ಗುಟ್ಟು ಹೇಳಿದಳು. ಸುತ್ತ ಯಾರೂ ಇರಲಿಲ್ಲ. ಕೇಳಿಸುವ ಮಕ್ಕಳಾಗಿದ್ದರೆ ಅಷ್ಟು ದೂರ ಸಾಕಾಗುತ್ತಿತ್ತು, ಕಿವಿಯಲ್ಲಿ ಪಿಸುಗುಟ್ಟಿದರೆ ಮುಗಿಯಿತು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ, ಆದರೆ ಕೈಮಾತಿನವರಿಗೆ ಗೋಡೆಯಷ್ಟು ನಂಬಿಕಸ್ಥರು ಇನ್ನೊಬ್ಬರಿಲ್ಲ. ಅಣ್ಣ ತನ್ನ ಅಂಗಳದಲ್ಲಿ ಒಂದೇ ಒಂದು ಗೋಡೆಯನ್ನೂ ಬಿಟ್ಟಿರಲಿಲ್ಲ. ಬೆಂಚಿನ ಮೇಲೆ ಕೂತು ಎಲ್ಲವನ್ನೂ ಓದಿದ.

ಅವಳು ಹೇಳಿದ್ದು ಇದು: "ಮನೇಲಿ ಅಮ್ಮ ಮಾತಾಡ್ತಾಳೆ, ನಂಗೆ ಒಂದೂ ಅರ್ಥ ಆಗಲ್ಲ. ಸುಮ್ನೆ ತಲೆ ಆಡಿಸ್ತೀನಿ. ಯಂತ್ರದ ಬ್ಯಾಟರಿ ತೆಗೆದುಬಿಟ್ಟಿದ್ದೀನಿ, ತಲೆ ನೋಯುತ್ತೆ. ಅಮ್ಮಂಗೆ ಗೊತ್ತಾದ್ರೆ ನನ್ನನ್ನ ಸಿಟಿ ಶಾಲೆಗೆ ಕಳಿಸ್ತಾಳೆ. ಅಲ್ಲಿ ಕೈ ಆಡಿಸೋ ಹಾಗಿಲ್ವಂತೆ, ಬರೀ ಬಾಯಿ. ಯಾರಿಗೂ ಹೇಳ್ಬೇಡ."

ಟಿಯಾನಾ ಎದೆಯ ಮೇಲೆ ಗೆರೆ ಎಳೆದು ಆಣೆ ಮಾಡಿದಳು. ಆಣೆ ಇಟ್ಟದ್ದನ್ನೂ ಅಣ್ಣ ನೋಡಿದ.

ಶುಕ್ರವಾರ ಸಂಜೆ ಕ್ಲಬ್ಬಿನಲ್ಲಿ ಊಟ. ನಾನು ಅಡುಗೆಮನೆಯ ಕಿಂಡಿಯಲ್ಲಿ ಜೋಳದ ರೊಟ್ಟಿ ಕತ್ತರಿಸುತ್ತಿದ್ದೆ. ಮಾಂಸ, ಬೀನ್ಸಿನ ಸಾರು ಬಡಿಸಿ ಆಗಿತ್ತು. ಅಣ್ಣ ಉದ್ದನೆಯ ಮೇಜಿನ ತಲೆಯಲ್ಲಿ ನಿಂತು, ಎಲ್ಲರ ಕಣ್ಣು ತನ್ನ ಕಡೆ ತಿರುಗುವವರೆಗೆ ಮೇಜು ಗುದ್ದಿ, ಶುರುಮಾಡಿದ. "ನೋಡ್ರಪ್ಪಾ, ತಲೆಬುರುಡೆ ಕೊರೆದು ಯಂತ್ರ ಕೂರಿಸ್ತಾರಲ್ಲ, ಏನಾಯ್ತು ಗೊತ್ತಾ? ಬ್ಯಾಟರಿ ತೆಗೆದು ಎಸೆದು ಕೈಲಿ ಮಾತಾಡ್ತಿದೆ ಮಗು! ಹುಟ್ಟುಗುಣ ಯಾವತ್ತೂ ಗೆಲ್ಲುತ್ತೆ!" ಜನ ಮೇಜು ಗುದ್ದಿ ನಕ್ಕರು. "ಯಾರು, ಯಾರು?" ಎಂದರು. ಅಣ್ಣ ಕೆನ್ನೆಯ ಗುಳಿಯಲ್ಲಿ ಬೆರಳು ತಿರುಗಿಸಿದ. ತಾನು ಕೊಟ್ಟ ಹೆಸರು, ಎಷ್ಟು ಹೆಮ್ಮೆಯಿಂದ ಹೇಳಿದ! ತಾಯಿಯ ಮುಂದೆ ಅವಳು ತಲೆಯಾಡಿಸುವುದನ್ನೂ ಅಭಿನಯಿಸಿ ತೋರಿಸಿದ, ಅದಕ್ಕೆ ಇನ್ನೂ ಜೋರು ನಗು.

ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ನನ್ನ ಅಣ್ಣ ಎಂದು ಹೇಳುತ್ತಿಲ್ಲ. ಅವನ ಪಾಲಿಗೆ ಆ ಹುಡುಗಿ ಗೆದ್ದಿದ್ದಳು, ಗೆಲುವನ್ನು ಹಂಚಿಕೊಂಡ, ಅಷ್ಟೇ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮೇಜಿನಲ್ಲಿದ್ದ ಒಬ್ಬನ ಹೆಂಡತಿ ಶೆಲ್ಬಿಯ ಜತೆಯಲ್ಲೇ ಬಟ್ಟೆ ಒಗೆಯುತ್ತಿದ್ದಳು.

ಮುಂದಿನ ವಾರ ಕೋರಾ ಶಾಲೆಗೆ ಬರಲಿಲ್ಲ. ಎರಡನೆಯ ದಿನ ಟಿಯಾನಾ ನನ್ನ ಸಾಲಿಗೆ ಬಂದು ತಟ್ಟೆಯನ್ನು ಕುಕ್ಕಿದಳು. ಅಳುತ್ತಲೇ ಸಿಟ್ಟಿನಿಂದ ಕೈಯಾಡಿಸಿದಳು.

"ನಿನ್ನೆ ಕೋರಾ ಮನೆಗೆ ಹೋಗಿದ್ದೆ. ಅವಳಮ್ಮ ಅವಳನ್ನ ಸಿಟಿ ಶಾಲೆಗೆ ಸೇರಿಸ್ತಿದ್ದಾಳೆ. ನಾನೇ ಹೇಳಿದ್ದು ಅಂತಿದ್ದಾಳೆ ಕೋರಾ. ನಾನು ಹೇಳಿಲ್ಲ! ಅವಳು ನನಗೆ ಮಾತ್ರ ಹೇಳಿದ್ದು, ಯಾರೂ ಇರ್ಲಿಲ್ಲ ಅಲ್ಲಿ. ಹಾಗಾದ್ರೆ ಯಾರಿಗೆ ಗೊತ್ತಾಯ್ತು? ನಾನು ಸುಳ್ಳಿ ಅಂತೆ. ಇನ್ಮೇಲೆ ನನ್ನ ಮುಖ ನೋಡಲ್ವಂತೆ."

ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. ಕಿಟಕಿಯಾಚೆ ಬೆಂಚಿನ ಮೇಲೆ ಅಣ್ಣ ಒಬ್ಬ ಪುಟ್ಟನ ಮೂಗು ಒರೆಸುತ್ತಿದ್ದ.

ಮನೆಗೆ ಬಂದು ನಾನು ಸುಮ್ಮನಿರಲಿಲ್ಲ, ಸುಮ್ಮನಿರುವ ಸ್ವಭಾವ ನನ್ನದಲ್ಲ. "ಎಲ್ಲಾರ್ಗೂ ಎಲ್ಲಾ ಕಾಣ್ಬೇಕು ಅಂದ್ಯಲ್ಲ, ಈಗ ನೋಡು. ನಿನ್ನ ಕಣ್ಣಿನ ಜಂಬಕ್ಕೆ ಒಂದು ಮಗು ಊರು ಬಿಡ್ತಿದೆ, ಇನ್ನೊಂದು ಮಗು ಮಾಡದ ತಪ್ಪಿಗೆ ಕಳ್ಳಿ ಆಗಿದೆ" ಎಂದೆ. ಅವನು ನನ್ನ ಕೈಗಳನ್ನೇ ನೋಡುತ್ತ ನಿಂತ. ಮೊದಲು ಕೆನ್ನೆ ಕೆಂಪಾಯಿತು, ಆಮೇಲೆ ಕಿವಿ, ಆಮೇಲೆ ಕುತ್ತಿಗೆ. ಕುರ್ಚಿಗೆ ಕುಸಿದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಕೊನೆಗೆ ಒಂದು ಕೈ ಹೊರಬಂತು.

"ಅವಳ ಹೆಸರನ್ನೂ ಹೇಳ್ದೆ ಮಾವಿಸ್. ನಾನೇ ಕೊಟ್ಟ ಹೆಸರು. ಹೆಸರು ಹೇಳೋ ಅಗತ್ಯ ಏನಿತ್ತು?"

ಮರುದಿನ ಇಬ್ಬರೂ ಶೆಲ್ಬಿಯ ಮನೆಗೆ ಹೋದೆವು. ಅವನು ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಬೇಕು. ಹಾಗೆ ಹೇಳುವಾಗ "ಅವನು" ಎನ್ನುವಂತಿಲ್ಲ, "ನಾನು" ಎಂದೇ ಹೇಳಬೇಕು, ಒಂದು ಮಾತೂ ಬದಲಿಸುವಂತಿಲ್ಲ. ಇದು ನಾನು ಐದು ವರ್ಷದವಳಿದ್ದಾಗಿನಿಂದ ಪಾಲಿಸಿಕೊಂಡು ಬಂದ ಕಟ್ಟು. ಅವತ್ತು ಶೆಲ್ಬಿಯ ಬಾಗಿಲಲ್ಲಿ ನಿಂತು, ಪಕ್ಕದ ಮನೆಯವರು ಎಲೆ ಗುಡಿಸುವುದನ್ನು ನಿಲ್ಲಿಸಿ ನೋಡುತ್ತಿರುವಾಗ, ನನ್ನ ಬಾಯಿಂದಲೇ ಹೇಳಿದೆ: "ನಾನು ನಿಮ್ಮ ಮಗಳ ಗುಟ್ಟನ್ನ ಕದ್ದು ನೋಡ್ದೆ. ಊರಿನವರ ಮುಂದೆ ಆಡಿ ನಗಿಸ್ದೆ. ನಂಗೆ ನಾಚಿಕೆ ಆಗ್ತಿದೆ." ಅವನ ನಾಚಿಕೆಯೇ ಆದರೂ ಹೇಳುವಾಗ ನಾನೇ ತಲೆ ತಗ್ಗಿಸಿದೆ.

ಶೆಲ್ಬಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಅಣ್ಣನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನೀವ್ಯಾಕೆ ತಪ್ಪಾಯ್ತು ಅಂತೀರಾ? ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ದಿನಾ ರಾತ್ರಿ ಅವಳ ಪಕ್ಕ ಕೂತು ಮಾತಾಡ್ತಿದ್ದೆ. ನನ್ನ ಕೆಲಸ, ನನ್ನ ಕಷ್ಟ, ಎಲ್ಲಾ ಹೇಳ್ಕೊತಿದ್ದೆ. ತಲೆ ಆಡಿಸ್ತಿದ್ಲು. ಎಷ್ಟು ಚೆನ್ನಾಗಿ ಕೇಳಿಸ್ಕೊತಾಳೆ ನನ್ನ ಮಗಳು ಅಂದ್ಕೊಂಡಿದ್ದೆ. ಗೋಡೆಗೆ ಹೇಳಿದ ಹಾಗಾಯ್ತಲ್ಲ ನಂದು. ಸಿಟಿ ಶಾಲೇಲಿ ಸರಿ ಹೋಗ್ತಾಳೆ. ನೀವು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಕಳಿಸ್ಬೇಡಿ" ಎಂದ ಅಣ್ಣ ನನ್ನ ಬಾಯಲ್ಲಿ. "ಗುಟ್ಟು ಕದ್ದವನು ನಾನು. ಶಿಕ್ಷೆ ಅವಳಿಗೆ ಬೇಡ."

"ಶಿಕ್ಷೆ ಅಲ್ಲ ಇದು. ಅವಳ ಒಳ್ಳೇದಕ್ಕೆ" ಎಂದಳು ಶೆಲ್ಬಿ. ಅವಳ ಕಣ್ಣಲ್ಲಿ ನೀರಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಕೋರಾ ಮೆಟ್ಟಿಲ ಮೇಲೆ ನಿಂತಿದ್ದಳು. ಅಮ್ಮ ಅಣ್ಣನ ಕೈ ಹಿಡಿದು ಕುಲುಕಿದ್ದನ್ನು ನೋಡಿದ್ದಳು. ಅಣ್ಣ ಅವಳ ಕಡೆ ತಿರುಗಿದ. "ಟಿಯಾನಾ ಹೇಳಿಲ್ಲ. ನಾನು ಬೆಂಚಿಂದ ಓದ್ದೆ. ನಾನೇ ಹೇಳಿದ್ದು. ಟಿಯಾನಾ ಯಾರಿಗೂ ಒಂದು ಮಾತೂ ಹೇಳಿಲ್ಲ" ಎಂದ. ಅಲ್ಲಿಯವರೆಗೆ ಅವಳು ರೆಪ್ಪೆ ಹೊಡೆಯದೆ ನೋಡಿದಳು. ಆಮೇಲೆ ಅವನು ಕ್ಷಮೆ ಕೇಳಲು ಮುಷ್ಟಿಯನ್ನು ಎದೆಯ ಮೇಲೆ ಇಟ್ಟ. ಕೋರಾ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಬೇಡದ ಮಾತು ಬಂದರೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ, ಆದರೂ ಒಂದಿಷ್ಟು ಒಳಗೆ ನುಗ್ಗುತ್ತದೆ. ಕಿವುಡ ಮಗು ಕಣ್ಣು ಮುಚ್ಚಿದರೆ ಮುಗಿಯಿತು, ಅಲ್ಲಿಗೆ ಯಾವ ದಾರಿಯೂ ಇಲ್ಲ. ಅಣ್ಣ ಎದೆಯ ಮೇಲೆ ಮುಷ್ಟಿ ಇಟ್ಟುಕೊಂಡೇ ನಿಂತಿದ್ದ. ಅವಳು ಕಣ್ಣು ತೆರೆಯಲಿಲ್ಲ. ಕೊನೆಗೆ ನಾನೇ ಅವನ ತೋಳು ಹಿಡಿದು ಕಾರಿನವರೆಗೆ ಕರೆತಂದೆ.

ಕೋರಾ ಸಿಟಿಗೆ ಹೋದಳು, ಅಲ್ಲಿಯೇ ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ಅಣ್ಣ ಅಂಗಳಕ್ಕೆ ಹೋಗುವುದನ್ನು ಬಿಟ್ಟ, ಕ್ಲಬ್ಬನ್ನೂ ಬಿಟ್ಟ. ಶಾಲೆಯ ಸಭೆಯ ದಿನ ಮಾತ್ರ ಗಡ್ಡ ಬೋಳಿಸಿ, ಟೈ ಕಟ್ಟಿಕೊಂಡು ಬಂದು, ಎಲ್ಲರ ಮುಂದೆ ನಿಂತು, ಏನು ಮಾಡಿದೆ, ಹೇಗೆ ಮಾಡಿದೆ, ಒಂದನ್ನೂ ಬಿಡದೆ ಹೇಳಿದ. "ನನ್ನ ಅಂಗಳದಲ್ಲಿ ಒಂದು ತಪ್ಪಿದೆ. ಪಿಸುಗುಟ್ಟೋಕೆ ಜಾಗ ಇಲ್ಲ. ಕೇಳಿಸೋ ಮಕ್ಕಳು ಎಲ್ಲಿ ಬೇಕಾದ್ರೂ ಪಿಸುಗುಡ್ತಾರೆ. ನಮ್ಮ ಮಕ್ಕಳಿಗೆ ಒಂದು ಮರೆ ಬೇಕು. ಎಲ್ಲಾ ಮಕ್ಕಳಿಗೂ ಸಮ ಇರ್ಬೇಕು ಅಂದ್ರಿ, ನಾನು ಮಾಡಿದ್ದು ಸಮ ಅಲ್ಲ."

ಹಾಲೊವೆಲ್ ಹಣೆ ನೆರಿಗೆ ಮಾಡಿದರು. "ಮಕ್ಕಳು ಟೀಚರ್ ಕಣ್ಣಿಗೆ ಬೀಳದ ಜಾಗ ಶಾಲೇಲಿ ಇರೋ ಹಾಗಿಲ್ಲ, ಮಿಸ್ಟರ್ ಪೆಟಿಗ್ರೂ."

"ಕಾಲು ಕಾಣ್ಲಿ. ಕೈ ಕಾಣ್ದೇ ಇರ್ಲಿ" ಎಂದ ಅಣ್ಣ. ನೆಲದಿಂದ ಮೊಳಕಾಲುದ್ದ ಖಾಲಿ ಬಿಟ್ಟು, ಅದರ ಮೇಲೆ ಮಕ್ಕಳ ತಲೆಗಿಂತ ಎತ್ತರಕ್ಕೆ ದೇವದಾರು ಹಲಗೆಯ ಬಾಗಿದ ಮರೆ. ಒಳಗೆ ಎಷ್ಟು ಮಕ್ಕಳಿದ್ದಾರೆ, ನಿಂತಿದ್ದಾರೋ ಬಿದ್ದಿದ್ದಾರೋ ಎಂಬುದು ಕಾಲಿನಿಂದ ತಿಳಿಯುತ್ತದೆ. ಏನು ಮಾತಾಡುತ್ತಿದ್ದಾರೆ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ತನ್ನ ಕೆಲಸವಲ್ಲ, ಮಕ್ಕಳದು ಎಂದ. ಎಲ್ಲರೂ ಸಭೆಯಿಂದ ಎದ್ದು ಅಂಗಳಕ್ಕೆ ಹೋದೆವು. ಟಿಯಾನಾ ಮುಂದೆ ಬಂದಳು. ನೇರ ಹೋಗಿ ಅಣ್ಣನ ಬೆಂಚಿನ ಮೇಲೆ ಅವನು ಕೂರುವ ಜಾಗದಲ್ಲೇ ಕೂತಳು. ದೂರದ ಮೂಲೆಯಲ್ಲಿ ಇಬ್ಬರು ಹುಡುಗರು ದೊಡ್ಡ ರಟ್ಟು ಹಿಡಿದು ನಿಂತರು, ಅದರ ಹಿಂದೆ ಒಬ್ಬಳು ಕೈಯಾಡಿಸಿದಳು. "ಕಾಣ್ತಿದೆ. ಎಡಕ್ಕೆ. ಇನ್ನೂ ಕಾಣ್ತಿದೆ. ತಾತನ ಕಣ್ಣು ಚುರುಕು, ಇನ್ನೂ ಎಡಕ್ಕೆ" ಎಂದು ಟಿಯಾನಾ ರಟ್ಟನ್ನು ಸರಿಸಿಸುತ್ತಲೇ ಇದ್ದಳು. ಆಮೇಲೆ ಅಣ್ಣನನ್ನೇ ಕರೆದು ಅಲ್ಲಿ ಕೂರಿಸಿ ಪರೀಕ್ಷೆ ಮಾಡಿದಳು. "ಈಗ ಓದಿ ನೋಡೋಣ?"

"ಓದೋಕೆ ಆಗ್ತಿಲ್ಲ" ಎಂದ ಅಣ್ಣ.

"ನಿಜ ಹೇಳಿ."

"ನಿಜ."

ಇಷ್ಟು ಜನ ನೋಡುತ್ತಿರುವಾಗ ಹತ್ತು ವರ್ಷದ ಹುಡುಗಿ ಅವನ ಮಾತನ್ನು ಎರಡೆರಡು ಸಲ ಪರೀಕ್ಷಿಸಿದಳು. ಅವನು ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟ. ಬೆಂಚನ್ನೇ ಕಿತ್ತುಬಿಡಿ, ನಾನಿನ್ನು ಬರುವುದಿಲ್ಲ ಎಂದೂ ಹೇಳಿದ. ಟಿಯಾನಾ ಬೇಡ ಎಂದಳು. "ಬೆಂಚು ಇರ್ಲಿ. ನೀವು ಅಲ್ಲೇ ಕೂತ್ಕೊಳ್ಳಿ. ಇಲ್ದಿದ್ರೆ ನೀವು ಎಲ್ಲಿಂದ ನೋಡ್ತಿದ್ದೀರೋ ನಮಗೆ ಹೇಗೆ ಗೊತ್ತಾಗ್ಬೇಕು?" ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅಣ್ಣ ಅದನ್ನು ದಿನಾ ಬಿಡುವಿನ ಹೊತ್ತಿಗೆ ಆ ಬೆಂಚಿನ ಮೇಲೆ ಕೂತು ಉಂಡ.

ಮೇಪಲ್ ಚಿಗುರುವ ಹೊತ್ತಿಗೆ ಕೋರಾ ವಾಪಸು ಬಂದಳು. ಸಿಟಿ ಶಾಲೆಯವರು ಹುಡುಗಿ ತುಂಬ ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ, ಎಲ್ಲದಕ್ಕೂ ತಲೆ ಆಡಿಸುತ್ತಾಳೆ ಎಂದು ಶೆಲ್ಬಿಗೆ ಹೊಗಳಿ ಹೇಳಿದರಂತೆ. ಆ ತಲೆಯಾಟ ಏನೆಂದು ಶೆಲ್ಬಿಗೆ ಈಗ ಗೊತ್ತಿತ್ತು. ಆ ವಾರವೇ ಹೋಗಿ ಕರೆದುಕೊಂಡು ಬಂದಳು. ಈಗ ಗುರುವಾರ ಸಂಜೆ ನಮ್ಮ ಮನೆಗೆ ಬಂದು ನನ್ನಿಂದ ಕೈಮಾತು ಕಲಿಯುತ್ತಾಳೆ, ಅವಳ ಬೆರಳುಗಳು ಇನ್ನೂ ತೊದಲುತ್ತವೆ. ಕ್ಲಬ್ಬಿನ ಕೆಲವರು, "ನೋಡಿದ್ಯಾ ಎಲ್ಡನ್, ನೀನು ಹೇಳಿದ್ದಕ್ಕೇ ಕೊನೆಗೆ ಒಳ್ಳೇದಾಯ್ತು" ಎಂದು ಸಮಾಧಾನ ಹೇಳಲು ಬಂದರು. ಅವನು ಎದ್ದು ಒಳಗೆ ಹೋದ. ಅವನು ಹೋದದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಕೋರಾ ಬಂದ ಮೊದಲ ದಿನದಿಂದ ಅವನು ಹೊಸ ಅಭ್ಯಾಸ ಒಂದನ್ನು ಹಿಡಿದ. ಬಾಗಿಲಿಂದ ಮರೆಯವರೆಗಿನ ದಾರಿ ಅವನ ಬೆಂಚಿನ ಮುಂದೆಯೇ ಹಾಯುತ್ತದೆ. ಕೋರಾ, ಟಿಯಾನಾ ಹೊರಗೆ ಬಂದ ಕೂಡಲೇ ಮಾತು ಶುರುಮಾಡುವ ಹುಡುಗಿಯರು, ಮರೆ ಸೇರುವವರೆಗೆ ತಡೆಯುವವರಲ್ಲ. ಹಾಗಾಗಿ ಅವರು ಬಾಗಿಲಲ್ಲಿ ಕಂಡೊಡನೆ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಬೇರೆ ಟೀಚರ್ ಇದ್ದರು. ಹಲಗೆಯ ಅದುರು ಅಂಗಾಲಿಗೆ ಬರುತ್ತಿತ್ತು, ಅದು ದೂರ ಸರಿದು ನಿಂತ ಮೇಲೆ ಕಣ್ಣು ಬಿಡುತ್ತಿದ್ದ. ಕೋರಾ ಅವನನ್ನು ನೋಡಿದ್ದೇ ಇಲ್ಲ, ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಮೇ ತಿಂಗಳ ಒಂದು ದಿನ ಅವನು ಕಣ್ಣು ಮುಚ್ಚಿ ಕೂತವನು ಹಾಗೇ ಕೂತುಬಿಟ್ಟ. ಅವತ್ತು ಹಲಗೆ ತುಂಬ ಅದುರುತ್ತಿತ್ತಂತೆ, ಮಕ್ಕಳು ಸಾಲಾಗಿ ಓಡಾಡುತ್ತಿದ್ದರಂತೆ, ಹುಡುಗಿಯರು ದಾಟಿದರೋ ಇಲ್ಲವೋ ತಿಳಿಯಲಿಲ್ಲ. ಯಾಕೆ ಸಂಶಯಕ್ಕೆ ಎಡೆ ಎಂದು ಮುಚ್ಚಿಕೊಂಡೇ ಇದ್ದ. ಎಷ್ಟು ಹೊತ್ತು ಹೋಯಿತೋ. ಅವನ ಮಂಡಿಯನ್ನು ಯಾರೋ ತಟ್ಟಿದರು. ಕಣ್ಣು ಬಿಟ್ಟರೆ ಎದುರಿಗೆ ಕೋರಾ, ಒಬ್ಬಳೇ, ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಅಂಗಳದಲ್ಲಿ ಇನ್ನೊಬ್ಬರಿರಲಿಲ್ಲ. ಕಂಬದ ಮೇಲೆ ಹಳದಿ ದೀಪ ಮಿನುಗುತ್ತಿತ್ತು.

"ದೀಪ ಹತ್ತಿ ಎಷ್ಟೊತ್ತಾಯ್ತು. ಎಲ್ರೂ ಒಳಗೆ ಹೋದ್ರು, ನೀವೊಬ್ರೇ ಇದ್ದೀರಿ" ಎಂದಳು. ಇಷ್ಟೇ. ಅವನ ಉತ್ತರಕ್ಕೂ ಕಾಯದೆ ವಾಪಸು ಓಡಿಹೋದಳು.

ಇದನ್ನು ಅವನು ನನಗೆ ಅಡುಗೆಮನೆಯಲ್ಲಿ ಹೇಳಿದ. ನಾನು ಖುಷಿಯಿಂದ, "ಹಾಗಾದ್ರೆ ಕ್ಷಮಿಸಿದ್ಲು!" ಎಂದೆ. ಅವನು ಜೋರಾಗಿ ತಲೆಯಾಡಿಸಿ ಅಲ್ಲಗಳೆದ. ಮತ್ತೆ ಕೈ ಎತ್ತುವಷ್ಟರಲ್ಲಿ ಅವನ ಮುಖ, ಕಿವಿ, ಕುತ್ತಿಗೆ ಎಲ್ಲ ಅವತ್ತಿನ ಹಾಗೆಯೇ ಕೆಂಪಾಗಿತ್ತು.

"ಕ್ಷಮಿಸಿಲ್ಲ ಕಣೇ. ಅದಕ್ಕೇ ನಾಚಿಕೆ. ಆ ಶಾಲೇಲಿ ನಾನು ಒಬ್ನೇ ಉಯ್ಯಾಲೆ ಮೇಲೆ ಉಳಿದಾಗ ನನ್ನನ್ನ ಕರೆಯೋಕೆ ಯಾರೂ ವಾಪಸ್ ಬರ್ಲಿಲ್ಲ. ಅವರಿಗೆ ನಾನು ಏನೂ ಮಾಡಿರ್ಲಿಲ್ಲ ಮಾವಿಸ್. ಇವಳು ಬಂದ್ಲು."